ಮೆಟಲ್ ಡಿಟೆಕ್ಟರ್ ಹಿಡಿದು ಹೊಲಕ್ಕೆ ಇಳಿಯುವ ಮುನ್ನ: ಕಲಬುರಗಿ, ಬೀದರ್, ಯಾದಗಿರಿ ಮಣ್ಣಿಗೆ ಯಾವ ಗ್ಲೌಸ್?

ಮೆಟಲ್ ಡಿಟೆಕ್ಟರ್ ಕೊಳ್ಳುವವರು ಕಾಯಿಲ್ ಎಷ್ಟು ಇಂಚು, ಎಷ್ಟು ಆಳದ ತನಕ ಹಿಡಿಯುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತೆಲ್ಲ ವಿಚಾರಿಸುತ್ತಾರೆ. ಗ್ಲೌಸಿನ ಮಾತು ಕೊನೆಗೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ಮಷೀನ್ ಒಮ್ಮೆ ಕೂಗಿದ ಮೇಲೆ ಉಳಿದ ಕೆಲಸವೆಲ್ಲ ಕೈಯದ್ದೇ ಅಲ್ವಾ? ಕೆದಕಬೇಕು, ಹೆಂಟೆ ಒಡೆಯಬೇಕು, ಬೆರಳಿನಿಂದ ತಡವಿ ನೋಡಬೇಕು. ಕೆಳಗಿರುವುದು ಕಿವಿಯೋಲೆಯೋ ತುಕ್ಕು ಹಿಡಿದ ಮೊಳೆಯೋ ಅನ್ನುವುದು ಮಣ್ಣು ಸರಿಸುವ ತನಕ ಗೊತ್ತಾಗುವುದಿಲ್ಲ.

ನಮ್ಮ ಕಡೆ ಈ ಮಷೀನಿಗೆ ಏನು ಕೆಲಸ ಅಂತ ಕೇಳುವವರೂ ಇದ್ದಾರೆ. ಕೆಲಸ ಬೇಕಾದಷ್ಟಿದೆ. ಎಳ್ಳಮಾಸಿಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಭಜ್ಜಿ, ಕಡುಬು, ಸಜ್ಜೆ ರೊಟ್ಟಿಯ ಗದ್ದಲದಲ್ಲಿ ಯಾರದೋ ಝುಮುಕಿ ಕಳಚಿ ಬೀಳುತ್ತದೆ. ಎರೆ ಹೊಲದ ಬಿರುಕಿನೊಳಗೆ ಹೋಯಿತೆಂದರೆ ಕಣ್ಣಿಗೆ ಕಾಣುವ ಮಾತೇ ಇಲ್ಲ. ಟ್ರ್ಯಾಕ್ಟರಿನ ಬೋಲ್ಟು, ರೋಟವೇಟರಿನ ಮುರಿದ ಬ್ಲೇಡು ಹೊಲದಲ್ಲಿ ಉಳಿಯುತ್ತವೆ. ಮುಳ್ಳುತಂತಿ ಬೇಲಿ ಕಿತ್ತ ಜಾಗದಲ್ಲಿ ತಂತಿಯ ತುಂಡುಗಳು ಬಿದ್ದಿರುತ್ತವೆ. ಮೇವಿನ ಜೊತೆ ಅವು ಎಮ್ಮೆ, ಆಕಳ ಹೊಟ್ಟೆ ಸೇರಿದರೆ ಜಠರದ ಗೋಡೆ ಚುಚ್ಚಿಕೊಂಡು ಹೃದಯದ ತನಕ ಹೋಗುವುದುಂಟು. ಹಾಗಾಗಿ ಮೇವಿನ ಹೊಲದಲ್ಲಿ ಒಂದು ಸುತ್ತು ಮಷೀನ್ ಆಡಿಸುವುದು ಒಳ್ಳೆಯದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವುದೆಲ್ಲ ಸ್ವಂತ ಹೊಲದ, ಇಲ್ಲವೇ ಮಾಲೀಕರು ಒಪ್ಪಿದ ಜಾಗದ ವಿಷಯ. ಮಳಖೇಡ, ಸನ್ನತಿ, ಕಲಬುರಗಿ ಕೋಟೆ, ಬೀದರ್ ಕೋಟೆ, ಅಷ್ಟೂರಿನ ಗುಂಬಜ್‌ಗಳ ಹತ್ತಿರ ಈ ಮಷೀನ್ ಬೇಡವೇ ಬೇಡ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ಹಾಳು ಗುಡಿಯ ಹತ್ತಿರ ಕಂಡರೆ ನಿಧಿಗಳ್ಳ ಅಂತಲೇ ಜನ ಹಿಡಿಯುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ. 1347ರಿಂದ ಬಹಮನಿಗಳು ಆಳಿದ ಸೀಮೆ ಇದು. ಸ್ವಂತ ಹೊಲದಲ್ಲೂ ಹಳೆ ತಾಮ್ರದ ನಾಣ್ಯ ಸಿಗಬಹುದು. ಸಿಕ್ಕರೆ ಅಲ್ಲಿಗೇ ಅಗೆತ ನಿಲ್ಲಿಸಿ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಿ. ನಿಧಿ ಸಿಕ್ಕರೆ ಏನು ಮಾಡಬೇಕೆಂದು ಹೇಳುವ ಕಾಯ್ದೆ ಕರ್ನಾಟಕದಲ್ಲಿ 1962ರಿಂದ ಇದೆ.

ಎರಡು ಕೈಗೆ ಎರಡು ಕೆಲಸ

ಗ್ಲೌಸ್ ಅಂದರೆ ಜೋಡಿ, ಎರಡು ಕೈಗೂ ಒಂದೇ ತರಹದ್ದು ಅಂತ ನಾವು ಲೆಕ್ಕ ಹಾಕುತ್ತೇವೆ. ಈ ಕೆಲಸದಲ್ಲಿ ಆ ಲೆಕ್ಕ ಸರಿಹೋಗುವುದಿಲ್ಲ. ಬಲಗೈ ಕುರ್ಪಿ ಹಿಡಿದಿರುತ್ತದೆ. ಅದಕ್ಕೆ ಆಗುವುದೆಂದರೆ ಬೊಬ್ಬೆ, ಹೆಚ್ಚೆಂದರೆ ಹಿಡಿಯ ಸಿಬಿರು. ಎಡಗೈ ಗುಂಡಿಯೊಳಗೆ ಹೋಗುತ್ತದೆ. ಮೊಳೆ, ಬ್ಲೇಡು, ಗಾಜು, ಮುಳ್ಳು, ಚೇಳು ಎಲ್ಲ ಕಾಯುತ್ತಿರುವುದು ಅಲ್ಲಿ. ಆದರೆ ಬೆರಳ ತುದಿಗೆ ಸ್ಪರ್ಶ ಜಾಸ್ತಿ ಬೇಕಾಗಿರುವುದೂ ಅದೇ ಎಡಗೈಗೆ. ದಪ್ಪ ಗ್ಲೌಸ್ ಹಾಕಿದರೆ ಮೂಗುತಿಯ ಹರಳು ಯಾವುದು, ಮಣ್ಣಿನ ಹರಳು ಯಾವುದು ಅಂತ ತಿಳಿಯುವುದಿಲ್ಲ. ತೆಳುವಾದದ್ದು ಹಾಕಿದರೆ ಮುಳ್ಳು ಒಳಗೆ ಬರುತ್ತದೆ. ಗ್ಲೌಸ್ ಆರಿಸುವ ತಲೆನೋವೆಲ್ಲ ಇಷ್ಟರಲ್ಲೇ ಇದೆ.

ಎಡಚರು ಇದನ್ನು ತಿರುಗಿಸಿ ಓದಿಕೊಳ್ಳಿ.

ಅಂಗಡಿಯಲ್ಲಿ ಸಿಗುವುದೇನು

ಎಲ್ಲಕ್ಕಿಂತ ಅಗ್ಗದ್ದು ಬಿಳಿ ನೂಲಿನ ಗ್ಲೌಸ್. ಅಂಗೈ ಮೇಲೆ ರಬ್ಬರ್ ಚುಕ್ಕಿ ಇರುತ್ತವೆ. ಒಂದು ಚಹಾ, ಒಂದು ಪ್ಲೇಟ್ ಮಿರ್ಚಿ ಭಜಿಯ ದುಡ್ಡಿಗೆ ಜೋಡಿ ಬರುತ್ತದೆ. ಗಾಳಿ ಆಡುತ್ತದೆ, ಬೆವರು ಹೀರುತ್ತದೆ, ಬೊಬ್ಬೆ ತಡೆಯುತ್ತದೆ. ಮುಳ್ಳು, ಮೊಳೆಯ ಮುಂದೆ ಏನೂ ಅಲ್ಲ. ಹಸಿ ಎರೆ ಮಣ್ಣು ಹತ್ತಿತೆಂದರೆ ಗ್ಲೌಸೇ ಒಂದು ಹೆಂಟೆಯಾಗುತ್ತದೆ. ಕುರ್ಪಿ ಹಿಡಿಯುವ ಕೈಗೆ ಧಾರಾಳವಾಗಿ ಸಾಕು. ಎಡಗೈಗೆ ಬೇಡ.

ನೈಟ್ರೈಲ್ ಅನ್ನುವ ಕೃತಕ ರಬ್ಬರಿನಲ್ಲಿ ಅದ್ದಿದ ಗ್ಲೌಸ್ ಎರಡನೆಯದು. ನೈಲಾನ್ ಅಥವಾ ಪಾಲಿಯೆಸ್ಟರ್ ನೂಲಿನಲ್ಲಿ ಹೆಣೆದು, ಅಂಗೈ ಮತ್ತು ಬೆರಳಿನ ಕಡೆ ನೈಟ್ರೈಲ್ ಪದರ ಕೊಟ್ಟಿರುತ್ತಾರೆ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆ ಇರುವುದರಿಂದ ನಮ್ಮಲ್ಲಿ ಸೇಫ್ಟಿ ಸಾಮಾನಿನ ಅಂಗಡಿಗಳಿಗೆ ಇದು ಹೊಸದೇನಲ್ಲ. ಹಿಡಿತ ಚೆನ್ನಾಗಿರುತ್ತದೆ, ಎಣ್ಣೆ ಜಿಡ್ಡು ಒಳಗೆ ಬಿಡುವುದಿಲ್ಲ, ತೊಳೆದರೆ ಬೇಗ ಒಣಗುತ್ತದೆ. ಪ್ಯಾಕೆಟ್ ಮೇಲೆ 13 ಗೇಜ್, 15 ಗೇಜ್ ಅಂತ ಬರೆದಿದ್ದರೆ ಅದು ಹೆಣಿಗೆಯ ಲೆಕ್ಕ. ಅಂಕಿ ದೊಡ್ಡದಾದಷ್ಟು ಹೆಣಿಗೆ ನಯ, ಗ್ಲೌಸ್ ತೆಳು. ಕೊಳ್ಳುವಾಗ ಮುಂಗೈ ಕಡೆ ತಿರುಗಿಸಿ ನೋಡಿ. ಬಹಳಷ್ಟರಲ್ಲಿ ಅಲ್ಲಿ ಬರೀ ನೂಲು ಇರುತ್ತದೆ. ಜಾಲಿ ಪೊದೆಯೊಳಗೆ ಕೈ ಹಾಕಿದರೆ ಮುಂಗೈ ಗೀರುವುದು ಗ್ಯಾರಂಟಿ. ಗೆಣ್ಣಿನ ತನಕ ಅದ್ದಿದ ಮುಕ್ಕಾಲು ಕೋಟಿಂಗಿನದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಪೂರ್ತಿ ಅದ್ದಿದ್ದು ನಮ್ಮ ಬಿಸಿಲಿಗೆ ಆಗುವುದಿಲ್ಲ, ಕೈ ಒಳಗೇ ಬೇಯುತ್ತದೆ.

ಇದೇ ಜಾತಿಯ ಇನ್ನೆರಡಿವೆ. ಸುಕ್ಕು ಸುಕ್ಕಾದ ಲೇಟೆಕ್ಸ್ ಅಂಗೈಯದ್ದು ಒದ್ದೆಯಲ್ಲಿ ಗಟ್ಟಿ ಹಿಡಿಯುತ್ತದೆ, ಆದರೆ ಗ್ರೀಸು, ಡೀಸೆಲ್ ತಾಗಿದರೆ ಬೇಗ ಹಾಳಾಗುತ್ತದೆ. ಕೆಲವರ ಮೈಗೆ ಲೇಟೆಕ್ಸ್ ಆಗಿಬರುವುದಿಲ್ಲ, ತುರಿಕೆ ಏಳುತ್ತದೆ. ಪಿಯು, ಅಂದರೆ ಪಾಲಿಯುರೆಥೇನ್ ಲೇಪನದ್ದು ತುಂಬ ತೆಳು. ಸ್ಪರ್ಶಕ್ಕೆ ಅದನ್ನು ಮೀರಿಸುವುದು ಇನ್ನೊಂದಿಲ್ಲ, ಆದರೆ ಗರಸು ನೆಲದಲ್ಲಿ ಬೇಗ ಸವೆದು ತೂತು ಬೀಳುತ್ತದೆ. ಇನ್ನು ಆಸ್ಪತ್ರೆಯಲ್ಲಿ ಹಾಕುವ ನೀಲಿ ಗ್ಲೌಸ್. ಅದನ್ನು ಹಾಕಿ ಮಣ್ಣು ಕೆದಕುವವರಿಗೆ ಏನು ಹೇಳುವುದು? ಮೊದಲ ಕಡ್ಡಿಗೇ ಹರಿಯುತ್ತದೆ.

ಚರ್ಮದ ಗ್ಲೌಸಿನಲ್ಲಿ ದೊಡ್ಡ ವ್ಯತ್ಯಾಸ ಇದೆ. ವೆಲ್ಡಿಂಗ್ ಮಾಡುವವರ ಉದ್ದನೆಯ ದಪ್ಪ ಗ್ಲೌಸ್ ಜಾಲಿ ಕಡಿಯಲು, ಮುಳ್ಳುತಂತಿ ಎಳೆಯಲು ಚೆನ್ನ. ಅದನ್ನು ಹಾಕಿಕೊಂಡು ಕಾಲುಂಗುರ ಎತ್ತಲು ಹೋಗಿ ನೋಡಿ, ಕೈಯಲ್ಲಿ ಮಣ್ಣು ಮಾತ್ರ ಇರುತ್ತದೆ. ಆಡಿನ ಚರ್ಮದ್ದು ಬೇರೆಯೇ. ತೆಳುವಾಗಿ, ಮೆತ್ತಗೆ ಇರುತ್ತದೆ, ಬೆರಳು ಮಡಚಲು ಬರುತ್ತದೆ, ಆ ತೆಳುವಿಗೆ ಹೋಲಿಸಿದರೆ ಮುಳ್ಳನ್ನೂ ಚೆನ್ನಾಗಿ ತಡೆಯುತ್ತದೆ. ದುಡ್ಡು ಜಾಸ್ತಿ. ಎರಡು ಕೊರತೆ ಇವೆ. ಒದ್ದೆಯಾಗಿ ಬಿಸಿಲಲ್ಲಿ ಒಣಗಿದರೆ ಹಪ್ಪಳದ ಹಾಗೆ ಸೆಟೆಯುತ್ತದೆ. ಎರಡನೆಯದನ್ನು ಯಾರೂ ಹೇಳುವುದಿಲ್ಲ: ಚರ್ಮ ಔಷಧಿ ಹೀರುತ್ತದೆ. ತೊಗರಿಗೆ ಕಾಯಿಕೊರಕ ಬಂತೆಂದರೆ ನಮ್ಮಲ್ಲಿ ಮೇಲಿಂದ ಮೇಲೆ ಸಿಂಪಡಣೆ ನಡೆಯುತ್ತದೆ. ಬಾಟಲಿ, ಅದರ ಬಾಯಿಯ ಅಲ್ಯೂಮಿನಿಯಂ ಹಾಳೆ ಬದುವಿನ ಮೇಲೇ ಬಿದ್ದಿರುತ್ತವೆ. ಆ ಹಾಳೆಗೆ ಮಷೀನ್ ಜೋರಾಗಿ ಕೂಗುತ್ತದೆ, ನೀವು ಅಗೆದು ಕೈಯಲ್ಲಿ ಹಿಡಿಯುತ್ತೀರಿ. ಚರ್ಮದ ಗ್ಲೌಸಿಗೆ ಒಮ್ಮೆ ಔಷಧಿ ಇಳಿದರೆ ತೊಳೆದು ತೆಗೆಯಲು ಬರುವುದಿಲ್ಲ, ಎಸೆಯುವುದೇ ಸರಿ. ಇಂಥ ಹೊಲಕ್ಕೆ ನೈಟ್ರೈಲ್ ವಾಸಿ.

ಕಟ್ ಲೆವೆಲ್ ಫೈವ್ ಎಂಬ ಆಸೆ

"ಕಟ್ ಲೆವೆಲ್ ಫೈವ್ ಅದರೀ ಸರ್, ಚಾಕು ಹಾಕಿದ್ರೂ ಏನ್ ಆಗಂಗಿಲ್ಲ" ಅಂತ ಅಂಗಡಿಯವರು ಬೂದು ಬಣ್ಣದ ಗ್ಲೌಸ್ ಮುಂದೆ ಇಡುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಗಾಜಿನ ಕೆಲಸಕ್ಕೆ, ಶೀಟ್ ಮೆಟಲ್ ಕೆಲಸಕ್ಕೆ ಅದು ಒಳ್ಳೆಯ ಸಾಮಾನು. ನಮ್ಮ ಕೆಲಸಕ್ಕೆ ಎಷ್ಟು ಹೊಂದುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಗ್ಲೌಸ್ ಮೇಲೆ ಸುತ್ತಿಗೆಯ ಚಿತ್ರ, ಅದರ ಕೆಳಗೆ 4121ಎಕ್ಸ್ ಅಂತ ಏನೋ ಮುದ್ರಿಸಿರುತ್ತಾರೆ. ಅದು ಇಎನ್ 388 ಅನ್ನುವ ಯುರೋಪಿನ ಮಾನದಂಡ. ಮೊದಲ ಅಂಕಿ ಉಜ್ಜಿದರೆ ಎಷ್ಟು ತಾಳುತ್ತದೆ ಅನ್ನುವುದಕ್ಕೆ, 4 ಎಲ್ಲಕ್ಕಿಂತ ಮೇಲಿನದು. ಎರಡನೆಯದು ಬ್ಲೇಡಿನ ಕೊಯ್ತಕ್ಕೆ, ಅದು 5ರ ತನಕ ಹೋಗುತ್ತದೆ. ಅಂಗಡಿಯವರು ಹೇಳುವ ಫೈವ್ ಇದೇ. ಮೂರನೆಯದು ಎಳೆದರೆ ಹರಿಯದೆ ಎಷ್ಟು ತಾಳುತ್ತದೆ ಅನ್ನುವುದಕ್ಕೆ. ನಾಲ್ಕನೆಯದು ಚುಚ್ಚುವಿಕೆಗೆ, ಅದೂ 4ರ ತನಕ. ಕೊನೆಯ ಅಕ್ಷರ ಇನ್ನೊಂದು ಬಗೆಯ ಕೊಯ್ತದ ಪರೀಕ್ಷೆಯದ್ದು, ಎ ಇಂದ ಎಫ್ ತನಕ. ಎಕ್ಸ್ ಅಂದರೆ ಆ ಪರೀಕ್ಷೆ ಮಾಡಿಲ್ಲ ಅಂತ ಅರ್ಥ.

ಹೊಲದಲ್ಲಿ ನಮಗೆ ಬೇಕಾದದ್ದು ನಾಲ್ಕನೆಯ ಅಂಕಿ. ಇಲ್ಲಿ ಕೈಗೆ ಗಾಯ ಆಗುವುದು ಬಹುಪಾಲು ಚುಚ್ಚಿ. ಮೊಳೆ, ತಂತಿ, ಮುಳ್ಳು, ತೊಗರಿ ಕೂಳೆ ಎಲ್ಲವೂ ಚುಚ್ಚುವ ಜಾತಿ. ಹೆಣೆದ ನೂಲು ಬ್ಲೇಡನ್ನು ತಡೆದೀತು, ಮುಳ್ಳು ಮಾತ್ರ ನೂಲಿನ ಸಂದಿಯಲ್ಲೇ ನುಸುಳುತ್ತದೆ. 20 ನ್ಯೂಟನ್ ಬಲ ತಡೆದರೆ ನಾಲ್ಕನೆಯ ಅಂಕಿಗೆ 1 ಕೊಡುತ್ತಾರೆ, 150 ತಡೆದರೆ 4. ಅದರಲ್ಲೂ ಒಂದು ಸಂಗತಿ ಗಮನದಲ್ಲಿರಲಿ. ಆ ಪರೀಕ್ಷೆಗೆ ಬಳಸುವ ಮೊಳೆಯ ಮೂತಿ ಮೊಂಡು, ಸುಮಾರು ಬಾಲ್ ಪೆನ್ನಿನಷ್ಟು. ಇಂಜೆಕ್ಷನ್ ಸೂಜಿ ಅದಕ್ಕಿಂತ ಎಷ್ಟೋ ಸಣ್ಣ. ಸೂಜಿಗೆಂದೇ ಎಎಸ್‌ಟಿಎಂ ಎಫ್ 2878 ಅನ್ನುವ ಬೇರೆ ಪರೀಕ್ಷೆ ಇದೆ. ಅದು ಬರೆದಿಲ್ಲದ ಗ್ಲೌಸನ್ನು ಸೂಜಿಗೆ ನಂಬಬೇಡಿ. ಊರ ತಿಪ್ಪೆಯ ಗೊಬ್ಬರ ಹಾಕಿದ ಹೊಲದಲ್ಲಿ ಸೂಜಿ, ಶೇವಿಂಗ್ ಬ್ಲೇಡು ಎರಡೂ ಬರುತ್ತವೆ. ಅಲ್ಲಿ ಬೆರಳಿನ ಕೆಲಸ ಕಡಿಮೆ ಮಾಡಿ. ಕುರ್ಪಿಯಿಂದ ಮಣ್ಣನ್ನು ಒಂದು ತಟ್ಟೆಗೆ ಸುರಿದು ಹರವಿ ನೋಡುವುದು ಒಳ್ಳೆಯದು.

ಈಗ ಮಷೀನಿನವರಿಗೆ ಮಾತ್ರ ಬರುವ ತೊಂದರೆ. ಕೊಯ್ತ ತಡೆಯುವ ಕೆಲವು ಗ್ಲೌಸಿನ ನೂಲಿನೊಳಗೆ ಕೂದಲಿನಷ್ಟು ಸಣ್ಣ ಸ್ಟೀಲ್ ತಂತಿ ಸೇರಿಸಿರುತ್ತಾರೆ. ಅದನ್ನು ಹಾಕಿದ ಕೈಯನ್ನು ಗುಂಡಿಗೆ ಇಟ್ಟು ಪಿನ್‌ಪಾಯಿಂಟರ್ (ಗುಂಡಿಯೊಳಗೆ ಲೋಹ ಎಲ್ಲಿದೆ ಅಂತ ಹುಡುಕುವ ಸಣ್ಣ ಕೈ ಮಷೀನ್) ಹತ್ತಿರ ತಂದರೆ ಅದು ನಿಮ್ಮ ಕೈಗೇ ಕೂಗಬಹುದು. ಝುಮುಕಿ ಎಲ್ಲಿ, ಬೆರಳೆಲ್ಲಿ ಅಂತ ಗೊಂದಲ ಹತ್ತುತ್ತದೆ. ಮಾಂಸದಂಗಡಿಯವರು ಹಾಕುವ ಸ್ಟೀಲ್ ಬಲೆ ಗ್ಲೌಸಂತೂ ಈ ಕೆಲಸಕ್ಕೆ ಅಲ್ಲವೇ ಅಲ್ಲ. ಎಚ್‌ಪಿಪಿಇ (ಗಟ್ಟಿ ಪಾಲಿಥೀನ್ ನೂಲು), ಅರಾಮಿಡ್ (ಕೆವ್ಲಾರ್ ತರಹದ ನೂಲು), ಗಾಜಿನ ನಾರು ಇವುಗಳಿಂದ ಮಾಡಿದ್ದಕ್ಕೆ ಮಷೀನ್ ಕೂಗುವುದಿಲ್ಲ. ಚರ್ಮದ ಗ್ಲೌಸಿನ ಮಣಿಕಟ್ಟಿನ ಬಳಿ ಕಬ್ಬಿಣದ ಗುಂಡಿ, ರಿವಿಟ್ ಇದೆಯೇ ನೋಡಿ. ಪಿನ್‌ಪಾಯಿಂಟರ್ ಜೇಬಲ್ಲಿ ಇಟ್ಟುಕೊಂಡೇ ಅಂಗಡಿಗೆ ಹೋಗಿ. ಖಾಲಿ ಗ್ಲೌಸ್ ಮೇಲೆ ಆಡಿಸಿ, ಸುಮ್ಮನಿದ್ದರೆ ಕೊಳ್ಳಿ. ಕೈಯ ಉಂಗುರ, ಕಡಗ, ವಾಚಿಗೂ ಇದೇ ಮಾತು. ಅವನ್ನು ಮನೆಯಲ್ಲೇ ಬಿಚ್ಚಿಟ್ಟು ಹೋಗುವುದು ಲೇಸು.

ಮಣ್ಣು ನೋಡಿ ಗ್ಲೌಸ್

ಮೂರು ಜಿಲ್ಲೆ ಅಕ್ಕಪಕ್ಕ ಇದ್ದರೂ ನೆಲ ಒಂದೇ ತರಹ ಇಲ್ಲ.

ಕಲಬುರಗಿ ಕಡೆ ಎರೆ ಭೂಮಿ ಜಾಸ್ತಿ. ತೊಗರಿ ಕೊಯ್ದ ಮೇಲೆ ಉಳಿಯುವ ಕೂಳೆಯನ್ನು ಹೊರಗಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕುಡಗೋಲಿನಿಂದ ಓರೆಯಾಗಿ ಕೊಯ್ದ ಆ ಕಟ್ಟಿಗೆ ಒಣಗಿದರೆ ಈಟಿಯೇ. ಮಂಡಿಯೂರಿ, ಎಡಗೈ ಊರಿ ಬಗ್ಗುವಾಗ ಅಂಗೈಗೆ ನೇರ ನಾಟುತ್ತದೆ. ಇಲ್ಲಿ ನೈಟ್ರೈಲ್ ಒಂದೇ ಸಾಲದು. ಎಡಗೈಗೆ ಆಡಿನ ಚರ್ಮದ್ದು, ಇಲ್ಲವೇ ಅಂಗೈಗೆ ಎರಡು ಪದರ ನೈಟ್ರೈಲ್ ಇರುವುದು ಬೇಕು. ಮಳೆ ಬಿದ್ದ ಮೇಲಾದರೆ ಚರ್ಮ ಬೇಡ. ಹಸಿ ಎರೆ ಮಣ್ಣು ಅಂಟಿದರೆ ಒರೆಸಿದರೂ ಬಿಡುವುದಿಲ್ಲ, ನೈಟ್ರೈಲಾದರೆ ಬಕೆಟ್ ನೀರಲ್ಲಿ ಕೈ ಅದ್ದಿದರೆ ಆಯಿತು. ನಿಜ ಹೇಳಬೇಕೆಂದರೆ ಹಸಿ ಎರೆಯಲ್ಲಿ ಹುಡುಕುವ ಕೆಲಸವೇ ಬೇಡ, ಎರಡು ಬಿಸಿಲು ಬೀಳಲಿ. ಶಹಾಬಾದ್, ಚಿತ್ತಾಪುರ ಕಡೆಯ ಹೊಲಗಳಲ್ಲಿ ಪರಸಿ ಕಲ್ಲಿನ ಚೂರು ಇರುತ್ತವೆ. ಅವುಗಳ ಅಂಚು ಕೊಯ್ಯುತ್ತದೆ. ಅಂಗಡಿಯವರು ಹೇಳಿದ ಕಟ್ ಲೆವೆಲ್‌ಗೆ ಬೆಲೆ ಬರುವುದು ಇಂಥ ಕಡೆ. ಸ್ಟೀಲ್ ಇಲ್ಲದ, ಮೇಲೆ ನೈಟ್ರೈಲ್ ಇರುವ ಎಚ್‌ಪಿಪಿಇ ಗ್ಲೌಸ್ ಹಾಕಿ.

ಬೀದರಿನ ಕೆಂಪು ನೆಲ ಬೇರೆ ತರಹ ಕಾಡುತ್ತದೆ. ಅಲ್ಲಿಯ ಜಂಬಿಟ್ಟಿಗೆ ಕಲ್ಲಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಕಬ್ಬಿಣಕ್ಕೆ ಕೂಗದಂತೆ ಮಷೀನ್ ಹೊಂದಿಸುವುದು) ಸರಿ ಮಾಡಿಕೊಳ್ಳದಿದ್ದರೆ ಮಷೀನ್ ಕಂಡಕಂಡ ಕಡೆ ಕೂಗುತ್ತದೆ. ಕೂಗಿದಲ್ಲೆಲ್ಲ ಅಗೆದರೆ ಕೈಗೆ ಕೆಲಸ ದುಪ್ಪಟ್ಟು. ಕಲ್ಲಿನ ಹರಳು ಉಪ್ಪುಕಾಗದದಂತೆ ಗ್ಲೌಸನ್ನು ತಿನ್ನುತ್ತವೆ. ಇಲ್ಲಿ ಮೊದಲ ಅಂಕಿ ನೋಡಿ, 4 ಇದ್ದರೆ ಒಳ್ಳೆಯದು, 3ಕ್ಕಿಂತ ಕೆಳಗೆ ಇಳಿಯಬೇಡಿ. ನೈಟ್ರೈಲ್ ಗ್ಲೌಸ್‌ಗಳಲ್ಲಿ ಈ ಅಂಕಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಪಿಯು ಬೇಡ.

ಯಾದಗಿರಿಯ ಗುಡ್ಡದ ಬುಡಗಳಲ್ಲಿ, ಸುರಪುರ, ಶಹಾಪುರ ಕಡೆಯ ಕಲ್ಲು ನೆಲದಲ್ಲಿ ನನ್ನ ಆಯ್ಕೆ ಚರ್ಮ, ಅದೂ ಮಣಿಕಟ್ಟು ಮುಚ್ಚುವಷ್ಟು ಉದ್ದದ್ದು. ಬಳ್ಳಾರಿ ಜಾಲಿ ಎಲ್ಲೆಂದರಲ್ಲಿ ಬೆಳೆದಿದೆ. ಗಿಡ ಕಡಿದು ಒಯ್ದರೂ ಉದುರಿದ ಮುಳ್ಳು ಮಣ್ಣಲ್ಲಿ ಉಳಿಯುತ್ತವೆ. ಮಾಂಸದೊಳಗೆ ತುದಿ ಮುರಿದುಕೊಂಡರೆ ಕೀವಾಗುತ್ತದೆ. ಬಂಡೆಯ ಸಂದಿಯಲ್ಲಿ, ಚಪ್ಪಡಿಯ ಕೆಳಗೆ ಕೆಂಪು ಚೇಳು, ಗರಗಸ ಮಂಡಲ ಅನ್ನುವ ವಿಷದ ಹಾವು ಇರುವ ಸೀಮೆ ಇದು. ಕಲ್ಲು ಎತ್ತುವುದಿದ್ದರೆ ಹಾರೆಯ ತುದಿಯಿಂದ ನಿಮ್ಮ ಕಡೆಗೆ ಮಗುಚಿ. ಕಲ್ಲು ನಿಮಗೂ ಅದರ ಕೆಳಗಿರುವುದಕ್ಕೂ ನಡುವೆ ನಿಲ್ಲುತ್ತದೆ.

ಗ್ಲೌಸ್ ಕೈಲಾಗದ ಕೆಲಸ

ಹಾವು ಕಡಿತಕ್ಕೆ ಗ್ಲೌಸ್ ರಕ್ಷಣೆ ಅಂತ ತಿಳಿಯಬೇಡಿ. ಬಿಲಕ್ಕೆ, ಸಂದಿಗೆ ಕೈ ಹಾಕಲೇಬಾರದು, ಎಂಥ ಗ್ಲೌಸ್ ಇದ್ದರೂ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಬೇಡ. ಗ್ಲೌಸು, ಉಂಗುರ ಕಳಚಿ, ಬಾವು ಬಂದ ಮೇಲೆ ಅವು ಬರುವುದಿಲ್ಲ. ಕೈ ಅಲ್ಲಾಡಿಸದಂತೆ ಇಟ್ಟುಕೊಂಡು ಸೀದಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಕೆಂಪು ಚೇಳು ಕಡಿದಾಗಲೂ ತಡಮಾಡಬೇಡಿ, ಅದರ ವಿಷ ಹೃದಯಕ್ಕೆ ಕೈ ಹಾಕುತ್ತದೆ.

ಎರಡನೆಯದು ಕರೆಂಟು. ಬೋರ್‌ವೆಲ್ ಮೋಟರಿನ ಕೇಬಲ್ಲನ್ನು ಮಣ್ಣಲ್ಲೇ ಹೂತಿರುತ್ತಾರೆ. ಮಷೀನಿಗೆ ಅದು ಉದ್ದಕ್ಕೂ ಒಂದೇ ಗೆರೆಯಲ್ಲಿ ಕೂಗುತ್ತದೆ. ಮೂರು ಫೇಸಿನ ಸುಮಾರು 415 ವೋಲ್ಟಿಗೆ ನೈಟ್ರೈಲ್, ಚರ್ಮ ಯಾವುದೂ ತಡೆಯಲ್ಲ. ಲೈನ್‌ಮನ್‌ಗಳು ಹಾಕುವ ರಬ್ಬರ್ ಗ್ಲೌಸ್ ಬೇರೆ, ಅದಕ್ಕೆ ವೋಲ್ಟೇಜಿನ ದರ್ಜೆ ಇರುತ್ತದೆ. ಆದರೆ ಅದನ್ನು ಹಾಕಿ ಮಣ್ಣು ಕೆದಕುವ ಪ್ರಶ್ನೆಯೇ ಇಲ್ಲ, ಒಂದು ಸಣ್ಣ ತೂತು ಬಿದ್ದರೂ ಕೆಲಸಕ್ಕೆ ಬಾರದು. ಗೆರೆಯಂತೆ ಕೂಗಿದರೆ ಹೊಲದವರನ್ನು ಕೇಳಿ, ಸ್ಟಾರ್ಟರ್ ಬಂದ್ ಮಾಡಿಸಿ, ಆಮೇಲೆ ಮುಂದಿನ ಮಾತು.

ಮೂರನೆಯದು ಧನುರ್ವಾಯು. ತುಕ್ಕಿನಿಂದ ಬರುತ್ತದೆ ಅನ್ನುವುದು ರೂಢಿಯ ಮಾತು. ರೋಗಾಣು ಇರುವುದು ಮಣ್ಣಲ್ಲಿ, ಸಗಣಿಯಲ್ಲಿ. ಮೊಳೆ ಅದನ್ನು ಆಳಕ್ಕೆ ಒಯ್ಯುತ್ತದೆ ಅಷ್ಟೆ. ಜಾಲಿ ಮುಳ್ಳೂ ಒಯ್ಯುತ್ತದೆ. ಹತ್ತು ವರ್ಷಕ್ಕೊಮ್ಮೆ ಟಿಡಿ (ಧನುರ್ವಾಯು, ಡಿಫ್ತೀರಿಯಾ ಎರಡಕ್ಕೂ) ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಆಳವಾದ ಕೊಳಕು ಗಾಯ ಆಗಿ, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ಮೀರಿದ್ದರೆ ಮತ್ತೆ ಹಾಕಿಸಿ.

ಕೊಳ್ಳುವಾಗ, ಕೊಂಡ ಮೇಲೆ

ಅಳತೆ ಸುಲಭ. ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಟೇಪು ಹಿಡಿಯಿರಿ. ಎಷ್ಟು ಇಂಚೋ ಅಷ್ಟೇ ನಂಬರ್. 8 ಬಂದರೆ ಸಾಮಾನ್ಯವಾಗಿ ಮೀಡಿಯಂ, 9 ಲಾರ್ಜ್. ಅಂಗಡಿಯಲ್ಲೇ ಹಾಕಿ ಗಲ್ಲಾ ಮೇಲಿನ ಒಂದು ರೂಪಾಯಿ ನಾಣ್ಯ ಎತ್ತಿ ನೋಡಿ. ಎತ್ತಲು ಬಂದರೆ ಎಡಗೈಗೆ ಆಗುತ್ತದೆ. ಬರದಿದ್ದರೆ ಅದು ಮುಳ್ಳು ಕಡಿಯುವ ಗ್ಲೌಸ್. ಬೆರಳ ತುದಿಯಲ್ಲಿ ಖಾಲಿ ಜಾಗ ಉಳಿದರೂ ಬೇಡ, ಮುಳ್ಳುತಂತಿಗೆ ಮೊದಲು ಸಿಕ್ಕುವುದೇ ಅದು. ತುದಿ ಕತ್ತರಿಸಿದ ಫ್ಯಾಶನ್ ಗ್ಲೌಸ್ ಬೈಕಿನವರಿಗೆ ಇರಲಿ.

ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಗ್ಲೌಸ್ ಹಾಕಿಕೊಂಡೇ ಇರಲು ಯಾರಿಗೂ ಆಗುವುದಿಲ್ಲ. ಬೆವರಿ, ಬೇಸರವಾಗಿ, ಕಳಚಿ ಬದುವಿಗೆ ಎಸೆಯುತ್ತೇವೆ. ಗಾಯ ಆಗುವುದು ಆಗಲೇ. ಒಳಗೆ ತೆಳು ಹತ್ತಿಯ ಗ್ಲೌಸ್ ಹಾಕಿದರೆ ಬೆವರು ತಡೆದುಕೊಳ್ಳಬಹುದು. ಅದಕ್ಕಿಂತ ಒಳ್ಳೆಯದು ಬೆಳಗ್ಗೆ ಬೇಗ ಹೋಗಿ ಬಿಸಿಲೇರುವ ಮುನ್ನ ಮನೆಗೆ ಬರುವುದು. ಬದುವಿಗೆ ಬಿಟ್ಟ ಗ್ಲೌಸ್ ಮತ್ತೆ ಹಾಕುವ ಮುಂಚೆ ತಿರುವಿ ಕೊಡವಿ. ನೆರಳು ಹುಡುಕುವುದು ನಾವೊಬ್ಬರೇ ಅಲ್ಲ, ಚೇಳೂ ಹುಡುಕುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದೇ ಜೋಡಿ ಹೇಳಿ ಅಂದರೆ 15 ಗೇಜಿನ, ಗೆಣ್ಣಿನ ತನಕ ಅದ್ದಿದ ನೈಟ್ರೈಲ್ ಅನ್ನುತ್ತೇನೆ. ದುಡ್ಡು ಇದ್ದರೆ ಇನ್ನೊಂದು ಆಡಿನ ಚರ್ಮದ್ದು. ಬಲಗೈಗೆ ಹೊಸದು ಕೊಳ್ಳಲೇಬೇಡಿ, ನೂಲಿನದು ಸಾಕು. ನೈಟ್ರೈಲನ್ನು ಕೈಯಲ್ಲಿ ಹಾಕಿಕೊಂಡೇ ಸೋಪಿನಿಂದ ತೊಳೆದು ನೆರಳಿಗೆ ಹಾಕಿ. ಚರ್ಮದ್ದನ್ನು ಒಣ ಬಟ್ಟೆಯಿಂದ ಒರೆಸಿ, ಅದೂ ನೆರಳಿಗೇ. ವಾರಕ್ಕೊಮ್ಮೆ ಒಳಗಡೆ ತಿರುವಿ ಬೆಳಕಿಗೆ ಹಿಡಿದು ನೋಡಿ, ಮುರಿದ ಮುಳ್ಳಿನ ತುದಿ ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಹೀಗೆ ಬಳಸಿದರೆ ಎಡಗೈಯದ್ದು ಮೊದಲು ಹರಿಯುತ್ತದೆ, ಬಲಗೈಯದ್ದು ಹೊಸದರಂತೆ ಮನೆಯಲ್ಲಿ ರಾಶಿ ಬೀಳುತ್ತದೆ. ಬಿಡಿಯಾಗಿ ಒಂದೇ ಗ್ಲೌಸ್ ಕೊಡಿ ಅಂದರೆ ಅಂಗಡಿಯವರು ನಗುತ್ತಾರೆ. ನಿಮ್ಮ ಜೊತೆ ಹೊಲಕ್ಕೆ ಬರುವವರಲ್ಲಿ ಒಬ್ಬರು ಎಡಚರಿದ್ದರೆ ಜೋಡಿಯನ್ನು ಪಾಲು ಮಾಡಿಕೊಳ್ಳಿ.